ಬಾಗಿದ ಗೆರೆಗೆ ಸಣ್ಣ ಟೇಪು: ರಾಕ್ಷಸನ ಹೆಲ್ಮೆಟ್‌ಗೆ ಬಣ್ಣ ಹಚ್ಚಿದ ಕತೆ

ನಮ್ಮೂರು ಗುಬ್ಬಿ ಹತ್ತಿರ. ವರ್ಷಕ್ಕೊಂದು ಪೌರಾಣಿಕ ನಾಟಕ ಆಗಲೇಬೇಕು. ಡ್ರೆಸ್ಸು, ಕಿರೀಟ ಎಲ್ಲ ಬಾಡಿಗೆಗೆ ಬರುತ್ತವೆ. ಆದರೆ ಈ ಸಲ ರಾಕ್ಷಸನ ಪಾರ್ಟು ನನ್ನ ಅಕ್ಕನ ಮಗನದು, ಆರಡಿ ದಾಟಿದ ಆಳು. ಬಾಡಿಗೆ ಕಿರೀಟ ಅವನ ತಲೆ ಮೇಲೆ ಕಾಫಿ ಲೋಟ ಬೋರಲು ಹಾಕಿದ ಹಾಗೆ ಕೂತಿತ್ತು. "ಮಾಮ, ನೀನೇ ಏನಾದ್ರೂ ಮಾಡು" ಅಂದ. ಅಟ್ಟದಲ್ಲಿ ಬಿದ್ದಿದ್ದ ಹಳೇ ಬೈಕ್ ಹೆಲ್ಮೆಟ್ ಇಳಿಸಿದೆ. ಚಿನ್ನದ ಬಣ್ಣ, ಅದರ ಮೇಲೆ ಹುಬ್ಬಿನಿಂದ ಹಿಂದಕ್ಕೆ ಹರಿಯುವ ಕೆಂಪು ಬೆಂಕಿ ನಾಲಿಗೆಗಳು. ಮನಸ್ಸಲ್ಲೇನೋ ಚೆನ್ನಾಗಿತ್ತು.

ಮೊದಲ ಸಲ ಪೂರ್ತಿ ಕೆಟ್ಟಿತು. ಬಣ್ಣ ತಾಗಬಾರದ ಜಾಗ ಮುಚ್ಚೋಕೆ ಒಂದಿಂಚು ಅಗಲದ ಮಾಮೂಲಿ ಮಾಸ್ಕಿಂಗ್ ಟೇಪನ್ನೇ ಬಗ್ಗಿಸಿ ಅಂಟಿಸಿದ್ದೆ. ಅಗಲದ ಟೇಪು ತಿರುವಿನಲ್ಲಿ ಬಗ್ಗಲ್ಲ, ಒಳಗಡೆ ಅಂಚು ಸೀರೆ ನೆರಿಗೆ ಥರ ಎದ್ದು ನಿಲ್ಲುತ್ತೆ. ಒಂದೊಂದು ನೆರಿಗೆಯೊಳಗೂ ಕೆಂಪು ಇಳಿದಿತ್ತು. ಟೇಪು ಕಿತ್ತಾಗ ಹುಡುಗ ನೋಡಿ, "ಇದು ಬೆಂಕಿ ಅಲ್ಲ ಮಾಮ, ಗರಗಸ" ಅಂದ.

ತುಮಕೂರಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯೋ ಪರಿಚಯದವರೊಬ್ಬರಿದ್ದಾರೆ. ಹೆಲ್ಮೆಟ್ ತಗೊಂಡು ಹೋಗಿ ತೋರಿಸಿದೆ. ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಟೇಪಿನ ಅಗಲ ಕಮ್ಮಿ ಮಾಡಿ ಸ್ವಾಮಿ, ತಾನೇ ಬಗ್ಗುತ್ತೆ" ಅಂದರು, ಅಷ್ಟೇ.

ಇದಕ್ಕೆಂದೇ ಸಣ್ಣ ಪ್ಲಾಸ್ಟಿಕ್ ಟೇಪು ಸಿಗುತ್ತೆ. ನಾನು ತುಮಕೂರಿನ ಮಂಡಿಪೇಟೆಯಲ್ಲಿ ವೈರಿಗೆ ಸುತ್ತುವ ಇನ್ಸುಲೇಷನ್ ಟೇಪನ್ನೇ ತಂದೆ. ಕನ್ನಡಿ ಮೇಲೆ ಉದ್ದಕ್ಕೆ ಅಂಟಿಸಿ, ಸ್ಟೀಲ್ ಸ್ಕೇಲಿಟ್ಟು ಹೊಸ ಬ್ಲೇಡಲ್ಲಿ 3 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿದೆ. ಅಂಗಡಿಯಲ್ಲಿ ಟೇಪಿನ ಸುರುಳಿ ಧೂಳು ತಿಂದಿರುತ್ತೆ, ಹಾಗಾಗಿ ಎರಡೂ ಪಕ್ಕ ಸೀಳಿ ಬಿಸಾಕಬೇಕು. ಹೊಸದಾಗಿ ಕುಯ್ದ ಅಂಚೇ ನಮ್ಮ ಗೆರೆ.

ಹಳೇ ಬಣ್ಣವನ್ನು 400ರ ವಾಟರ್ ಪೇಪರಲ್ಲಿ (ಒಂಥರಾ ಉಜ್ಜು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ನೀರು ಹಾಕಿ ಉಜ್ಜಿದೆ. ಬಣ್ಣ ಹಿಡಿಯಲಿ ಅಂತ ಅಡಿಗೆ ಪ್ರೈಮರ್, 600ರಲ್ಲಿ ಇನ್ನೊಂದು ಉಜ್ಜು, ಆಮೇಲೆ ಚಿನ್ನದ ಸ್ಪ್ರೇ ಬಣ್ಣ ಎರಡು ಕೋಟು. ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟೆ.

ಎರಡೂ ಕಡೆ ಒಂದೇ ಥರ ಬರಬೇಕಲ್ವಾ? ಹಣೆಯಿಂದ ಹಿಂದಕ್ಕೆ ನಡುಮಧ್ಯ ಒಂದು ದಾರ ಎಳೆದು ಅಂಟಿಸಿದೆ. ಹಣೆ ಸುತ್ತ ಮಟ್ಟವಾದ ಗೆರೆ ಬೇಕಿತ್ತು. ಬೋರಲು ಹಾಕಿದ ಪಾವಿನ ಮೇಲೆ ಪೆನ್ಸಿಲ್ ಮಲಗಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಪೆನ್ಸಿಲ್ ಅಲ್ಲೇ ಇರಬೇಕು, ಅದರ ಮೊನೆಗೆ ತಾಗುವಂತೆ ಹೆಲ್ಮೆಟ್ಟನ್ನೇ ತಿರುಗಿಸಬೇಕು. ಬೆಂಕಿ ನಾಲಿಗೆಗಳನ್ನು ಕಾಗದದಲ್ಲಿ ಕತ್ತರಿಸಿ ಎಡಗಡೆ ಬರೆದೆ, ಅದೇ ಕಾಗದ ಮಗುಚಿ ಬಲಗಡೆ ಬರೆದೆ.

ಟೇಪು ಹಾಕುವಾಗ ಜಗ್ಗಬಾರದು. ಜಗ್ಗಿದ ಪ್ಲಾಸ್ಟಿಕ್ ಟೇಪು ಅರ್ಧ ಗಂಟೆಯಲ್ಲಿ ಮತ್ತೆ ಕುಗ್ಗಿ ತಿರುವಿನಲ್ಲಿ ಏಳುತ್ತೆ. ಎಡಗೈಯಲ್ಲಿ ಪಟ್ಟಿಯ ತುದಿ ಹಿಡಿದು ದಾರಿ ತೋರಿಸುತ್ತಾ ಹೋಗಿ, ಬಲಗೈ ಹೆಬ್ಬೆರಳು ಹಿಂದಿನಿಂದ ಒತ್ತುತ್ತಾ ಬರಲಿ. ಕಣ್ಣು ಬೆರಳ ಮೇಲಲ್ಲ, ಒಂದೆರಡು ಇಂಚು ಮುಂದಿನ ಪೆನ್ಸಿಲ್ ಗೆರೆ ಮೇಲಿರಲಿ. ನಾಲಿಗೆ ತುದಿಯಲ್ಲಿ ಎರಡು ಟೇಪು ಒಂದರ ಮೇಲೊಂದು ದಾಟುತ್ತವೆ. ಅಲ್ಲಿ ಹೆಚ್ಚಾದ ಟೇಪು ಕತ್ತರಿಸೋಕೆ ಬ್ಲೇಡ್ ಆಡಿಸುವಾಗ ಒತ್ತಿದರೆ ಕೆಳಗಿನ ಚಿನ್ನವೂ ಸೀಳುತ್ತೆ. ನನಗೆ ಒಂದು ಕಡೆ ಸೀಳಿತು. ಸಣ್ಣ ಟೇಪಿನಾಚೆಗೆ ಅಗಲದ ಮಾಸ್ಕಿಂಗ್ ಟೇಪು, ಅದರಾಚೆಗೆ ನ್ಯೂಸ್ ಪೇಪರು.

ಈಗ ಕೆಂಪು ಅಲ್ಲ, ಮತ್ತೆ ಚಿನ್ನ! ಟೇಪಿನ ಅಂಚಿನ ಮೇಲೆ ಅದೇ ಚಿನ್ನದ ಬಣ್ಣವನ್ನು ತೆಳುವಾಗಿ ಹೊಡೆದೆ. ಎಷ್ಟೇ ಒತ್ತಿದ್ದರೂ ಎಲ್ಲೋ ಸಂದು ಇದ್ದೇ ಇರುತ್ತೆ. ಇಳಿಯುವುದಾದರೆ ಚಿನ್ನವೇ ಇಳಿದು ಸಂದು ಮುಚ್ಚಲಿ, ಚಿನ್ನದ ಮೇಲೆ ಚಿನ್ನ ಯಾರಿಗೆ ಕಾಣುತ್ತೆ? ಇದೊಂದು ಮುಂಚೆ ಗೊತ್ತಿದ್ದರೆ ಮೊದಲ ಸಲವೇ ಅರ್ಧ ಗರಗಸ ತಪ್ಪುತ್ತಿತ್ತು. ಅದು ಆರಿದ ಮೇಲೆ ಕೆಂಪು, ಒಂದಡಿಗೆ ಸ್ವಲ್ಪ ಕಮ್ಮಿ ದೂರದಿಂದ ಮೂರು ತೆಳು ಕೋಟು. ಒಂದೇ ಸಲಕ್ಕೆ ದಪ್ಪ ಹೊಡೆದರೆ ಟೇಪಿನ ಪಕ್ಕ ಬಣ್ಣ ದಿಬ್ಬ ಕಟ್ಟುತ್ತೆ.

ಕೊನೇ ಕೋಟು ಆಗಿ ಹದಿನೈದಿಪ್ಪತ್ತು ನಿಮಿಷಕ್ಕೆ ಟೇಪು ಬಿಡಿಸಿದೆ. ಬಣ್ಣ ಹರಿಯಬಾರದು, ಗಟ್ಟಿಯೂ ಆಗಿರಬಾರದು. ಮೇಲಕ್ಕೆ ಎತ್ತದೆ, ಟೇಪನ್ನು ಅದರ ಮೇಲೆಯೇ ಮಡಿಸಿದ ಹಾಗೆ ಹಿಂದಕ್ಕೆ ಎಳೆಯಬೇಕು. ಕೆಂಪು ನಾಲಿಗೆ ಒಂದೊಂದಾಗಿ ಹೊರಬಂತು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಖುಷಿಗೆ ಮುಟ್ಟಿಬಿಟ್ಟೆ. ಬಲಗಿವಿ ಹತ್ತಿರ ನನ್ನ ಹೆಬ್ಬೆಟ್ಟು ಈಗಲೂ ಇದೆ.

ಅಂದ ಹಾಗೆ, ಇಂಥ ಹೆಲ್ಮೆಟ್ ಮತ್ತೆ ಗಾಡಿಗೆ ಬೇಡ. ಸ್ಪ್ರೇ, ಥಿನ್ನರು ಅದರ ಚಿಪ್ಪನ್ನೇ ಸಡಿಲ ಮಾಡಬಹುದು. ಯಾರೂ ಹಾಕದಿರಲಿ ಅಂತ ಅದರ ಗಲ್ಲದ ಪಟ್ಟಿ ಕತ್ತರಿಸಿಬಿಟ್ಟಿದ್ದೇನೆ.

ಪ್ರಾಕ್ಟೀಸ್ ದಿನ ಹುಡುಗ ಹಾಕಿಕೊಂಡು ನಿಂತ. ಮೇಷ್ಟ್ರು ಹಾರ್ಮೋನಿಯಂ ನುಡಿಸಿದರು. ಇವನು ಸುಮ್ನೆ ನಿಂತಿದ್ದಾನೆ. "ಶ್ರುತಿನೇ ಕೇಳಿಸ್ತಿಲ್ಲ ಮಾಮ!" ಕಿವಿ ಮೇಲೆ ತೂತು ಕೊರೆಯಲೇಬೇಕಾಯ್ತು, ಅದೂ ಬೆಂಕಿ ನಾಲಿಗೆ ಮಧ್ಯದಲ್ಲೇ. ಬಣ್ಣ ಚಕ್ಕೆ ಏಳದಿರಲಿ ಅಂತ ಮೊದಲು ಅಲ್ಲಿಗೊಂದು ತುಂಡು ಟೇಪು ಅಂಟಿಸಿ, ಅದರ ಮೇಲೆ ಡ್ರಿಲ್ ಇಟ್ಟೆ.