ರೇಂಜ್‌ಫೈಂಡರ್‌ಗೆ ಕೈಗೆಟಕುವ ಲೆನ್ಸ್: ಆರಿಸುವುದು, ಪರೀಕ್ಷಿಸುವುದು, ಹೊಂದಿಸುವುದು

ಲೈಕಾ ಎಂ ತಳಿಯ ರೇಂಜ್‌ಫೈಂಡರ್ ಕ್ಯಾಮೆರಾವೊಂದು, ಅಂದರೆ ವಸ್ತುವಿನ ದೂರ ಅಳೆದು ಫೋಕಸ್ ಮಾಡುವ ಕ್ಯಾಮೆರಾವೊಂದು, ಮನೆಯ ಹಿರಿಯರಿಂದಲೋ ಸೆಕೆಂಡ್ ಹ್ಯಾಂಡ್ ಮಾರಾಟಗಾರರಿಂದಲೋ ಕೈಗೆ ಬಂದಾಗ ಎದುರಾಗುವ ಮೊದಲ ತೊಡಕು ಲೆನ್ಸಿನದು. ಅದೇ ಕಂಪನಿಯ ಹೊಸ ಲೆನ್ಸಿಗೆ ಲಕ್ಷಗಳಲ್ಲಿ ಬೆಲೆ ತೆರಬೇಕು. ಆದರೆ ಅದೇ ಮೌಂಟಿಗೆ (ಕ್ಯಾಮೆರಾದಲ್ಲಿ ಲೆನ್ಸ್ ಕಚ್ಚಿಕೊಳ್ಳುವ ಜಾಗಕ್ಕೆ) ಕೂರುವ ಲೆನ್ಸುಗಳನ್ನು ಜಪಾನಿನವರೂ ಚೀನಾದವರೂ ಇಂದಿಗೂ ತಯಾರಿಸುತ್ತಿದ್ದಾರೆ. ಹಿಂದಿನ ಸೋವಿಯತ್ ಒಕ್ಕೂಟದ ಕಾರ್ಖಾನೆಗಳಲ್ಲಿ ತಯಾರಾದ ಲಕ್ಷಗಟ್ಟಲೆ ಲೆನ್ಸುಗಳು ಇನ್ನೂ ಕೈಯಿಂದ ಕೈಗೆ ದಾಟುತ್ತಿವೆ. ಇವುಗಳನ್ನು ಕೊಳ್ಳುವವರು ಸಾಮಾನ್ಯವಾಗಿ ಚಿತ್ರ ಎಷ್ಟು ಚೂಪಾಗಿ ಬರುತ್ತದೆ ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಲೆನ್ಸ್ ಹೇಳುವ ದೂರವೂ ನನ್ನ ಕ್ಯಾಮೆರಾ ಅಳೆಯುವ ದೂರವೂ ಒಂದೇ ಆಗಿವೆಯೇ?

ಈ ಪ್ರಶ್ನೆ ಏಕೆ ಮುಖ್ಯವೆಂದು ತಿಳಿಯಲು ಕ್ಯಾಮೆರಾದ ಒಳಗನ್ನು ಸ್ವಲ್ಪ ನೋಡಬೇಕು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕವೇ ನೋಡುವುದರಿಂದ ಫೋಕಸ್ ತಪ್ಪಿದರೆ ಕಣ್ಣಿಗೇ ಕಾಣುತ್ತದೆ. ರೇಂಜ್‌ಫೈಂಡರಿನಲ್ಲಿ ನೋಡುವ ಕಿಟಕಿಯೇ ಬೇರೆ, ಚಿತ್ರ ತೆಗೆಯುವ ಲೆನ್ಸೇ ಬೇರೆ. ಲೆನ್ಸಿನ ಹಿಂಬದಿಯಲ್ಲಿ ಕ್ಯಾಮ್ ಎಂದು ಕರೆಯುವ ಲೋಹದ ಉಂಗುರವೊಂದಿರುತ್ತದೆ. ಫೋಕಸ್ ಉಂಗುರವನ್ನು ತಿರುಗಿಸಿದಂತೆ ಅದು ಹಿಂದೆ ಮುಂದೆ ಸರಿಯುತ್ತಾ ಕ್ಯಾಮೆರಾದ ಬಾಯಿಯೊಳಗೆ ಮೇಲ್ಭಾಗದಲ್ಲಿರುವ ಪುಟ್ಟ ರೋಲರನ್ನು ಒತ್ತುತ್ತದೆ. ಆ ಒತ್ತಡದ ಅಳತೆಗೆ ತಕ್ಕಂತೆ ವ್ಯೂಫೈಂಡರಿನ ನಡುವಿನ ಚೌಕದಲ್ಲಿ ಎರಡು ಬಿಂಬಗಳು ಹತ್ತಿರವಾಗಿ ಒಂದಾಗುತ್ತವೆ. ಕ್ಯಾಮ್ ಕೂದಲೆಳೆಯಷ್ಟು ತಪ್ಪಾಗಿ ಕುಳಿತಿದ್ದರೂ ಬಿಂಬಗಳೇನೋ ಅಚ್ಚುಕಟ್ಟಾಗಿ ಕೂಡುತ್ತವೆ, ಚಿತ್ರ ಮಾತ್ರ ಮಸುಕಾಗುತ್ತದೆ. ನಾನೊಮ್ಮೆ ಎಫ್/1.1 ಅಪರ್ಚರಿನ (ಅಪರ್ಚರ್ ಎಂದರೆ ಬೆಳಕು ಒಳಬಿಡುವ ರಂಧ್ರ; ಎಫ್ ಅಂಕಿ ಚಿಕ್ಕದಾದಷ್ಟು ಅದು ದೊಡ್ಡದು) ಲೆನ್ಸೊಂದನ್ನು ಪರೀಕ್ಷಿಸದೆಯೇ ಊರಿಗೆ ಕೊಂಡೊಯ್ದು ಅಜ್ಜಿಯ ಮುಖದ ಒಂದು ಇಡೀ ರೋಲ್ ತೆಗೆದಿದ್ದೆ. ತೊಳೆದು ಬಂದ ಫಿಲ್ಮಿನಲ್ಲಿ ಓಲೆಯ ಹರಳುಗಳು ಸ್ಪಷ್ಟವಾಗಿದ್ದವು, ಕಣ್ಣುಗಳು ಸ್ಪಷ್ಟವಾಗಿರಲಿಲ್ಲ. ಗಾಜಿನಲ್ಲಿ ದೋಷವಿರಲಿಲ್ಲ, ಹೊಂದಾಣಿಕೆಯಲ್ಲಿ ಇತ್ತು.

ಮೊದಲ ಹಂತ: ಮೌಂಟ್ ಯಾವುದೆಂದು ಖಚಿತಪಡಿಸಿಕೊಳ್ಳಿ

1954ರಲ್ಲಿ ಬಂದ ಲೈಕಾ ಎಂ3ರಿಂದ ಇಂದಿನ ಡಿಜಿಟಲ್ ಎಂ ಕ್ಯಾಮೆರಾಗಳವರೆಗೆ ಒಂದೇ ಎಂ ಮೌಂಟ್ ನಡೆದುಬಂದಿದೆ. ಲೆನ್ಸನ್ನು ಇಟ್ಟು ತುಸು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಅದಕ್ಕಿಂತ ಹಳೆಯದು 39 ಮಿ.ಮೀ. ವ್ಯಾಸದ ತಿರುಪಿನ ಮೌಂಟ್. ಇದನ್ನು ಎಲ್‌ಟಿಎಂ (ಲೈಕಾ ಥ್ರೆಡ್ ಮೌಂಟ್) ಎಂದೂ ಎಂ39 ಎಂದೂ ಕರೆಯುತ್ತಾರೆ. ತಿರುಪಿನ ಮೌಂಟಿನಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 28.8 ಮಿ.ಮೀ. ದೂರವಿದ್ದರೆ, ಎಂ ಮೌಂಟಿನಲ್ಲಿ 27.8 ಮಿ.ಮೀ. ಇದೆ. ಈ ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ತುಂಬುವಷ್ಟೇ ದಪ್ಪದ ಅಡಾಪ್ಟರ್ ಹಾಕಿದರೆ ರೇಂಜ್‌ಫೈಂಡರಿಗೆಂದು ಮಾಡಿದ ತಿರುಪಿನ ಲೆನ್ಸುಗಳು ಸಾಮಾನ್ಯವಾಗಿ ಎಂ ಕ್ಯಾಮೆರಾಗೆ ಕೂರುತ್ತವೆ, ರೇಂಜ್‌ಫೈಂಡರ್ ಕೂಡ ಕೆಲಸ ಮಾಡುತ್ತದೆ. ಎಂ ಲೆನ್ಸನ್ನು ತಿರುಪಿನ ಕ್ಯಾಮೆರಾಗೆ ಹಾಕಲು ಬರುವುದಿಲ್ಲ. ಅಡಾಪ್ಟರಿನಲ್ಲಿ ಉಳಿತಾಯ ನೋಡುವುದು ಸಲ್ಲದು: ಅದರ ದಪ್ಪ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು ಕಡಿಮೆಯಾದರೂ ಮುಂದೆ ಮಾಡುವ ಪರೀಕ್ಷೆಯೆಲ್ಲ ಏರುಪೇರಾಗುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಸೋವಿಯತ್ತಿನ ಜೆನಿತ್ ಎಂಬ ಎಸ್‌ಎಲ್‌ಆರ್ ಕ್ಯಾಮೆರಾಗಳ ಮೊದಲ ಮಾದರಿಗಳಿಗೂ ಇದೇ 39 ಮಿ.ಮೀ. ತಿರುಪಿತ್ತು, ಆದರೆ ಫಿಲ್ಮಿನವರೆಗಿನ ದೂರ 45.2 ಮಿ.ಮೀ. ಆ ಲೆನ್ಸುಗಳು ರೇಂಜ್‌ಫೈಂಡರಿಗೆ ಸಲೀಸಾಗಿ ತಿರುಗಿ ಕೂರುತ್ತವೆ, ಯಾವ ವಸ್ತುವೂ ಎಂದಿಗೂ ಫೋಕಸಿಗೆ ಬರುವುದಿಲ್ಲ. ಇಂಡಸ್ಟಾರ್-50 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯವೂ ಇರುವುದರಿಂದ ಹೆಸರನ್ನು ನಂಬದೆ ಲೆನ್ಸಿನ ಹಿಂಬದಿಯ ಚಿತ್ರವನ್ನು ಕೇಳಿ ಪಡೆಯಿರಿ. ಫೋಕಸ್ ತಿರುಗಿಸಿದಾಗ ಸರಿಯುವ ಲೋಹದ ಉಂಗುರ ಅಲ್ಲಿ ಕಾಣಿಸದಿದ್ದರೆ ಕೊಳ್ಳಬೇಡಿ. ಹಾಗೆಯೇ ಜುಪಿಟರ್-8ಎಂ ಎಂದು ಬರೆದಿರುವ ಸೋವಿಯತ್ ಲೆನ್ಸ್ ಸಾಮಾನ್ಯವಾಗಿ ಕೀವ್ ಎಂಬ ಬೇರೆ ಸೋವಿಯತ್ ಕ್ಯಾಮೆರಾದ ಮೌಂಟಿನದು. ಅದಕ್ಕೆ ಈ ಸರಳ ಅಡಾಪ್ಟರ್ ಸಾಲದು.

ಎರಡನೆಯ ಹಂತ: ಫ್ರೇಮ್‌ಲೈನ್ ನೋಡಿ ಫೋಕಲ್ ಲೆಂತ್ ಆರಿಸಿ

ವ್ಯೂಫೈಂಡರಿನಲ್ಲಿ ಕಾಣುವ ಬಿಳಿ ಗೆರೆಗಳೇ ಚಿತ್ರದ ಎಲ್ಲೆ. ಹಾಕಿದ ಲೆನ್ಸಿನ ಫೋಕಲ್ ಲೆಂತಿಗೆ (ಮಿ.ಮೀ.ನಲ್ಲಿ ಹೇಳುವ ಅಳತೆ; ಅದು ಕಡಿಮೆಯಾದಷ್ಟು ನೋಟ ಅಗಲವಾಗುತ್ತದೆ) ತಕ್ಕಂತೆ ಈ ಗೆರೆಗಳು ಬದಲಾಗುತ್ತವೆ. ಇತ್ತೀಚಿನ ಎಂ ಕ್ಯಾಮೆರಾಗಳಲ್ಲಿ ಅವು 28 ಮತ್ತು 90, 35 ಮತ್ತು 135, 50 ಮತ್ತು 75 ಮಿ.ಮೀ. ಎಂಬ ಜೋಡಿಗಳಲ್ಲಿ ಬರುತ್ತವೆ; ಎಂ3ರಲ್ಲಿ ಇರುವುದು 50, 90, 135 ಮಾತ್ರ. ಫೊಯ್ಗ್ಟ್‌ಲ್ಯಾಂಡರ್ ನಾಕ್ಟನ್ 40 ಮಿ.ಮೀ. ಎಫ್/1.4 ಒಳ್ಳೆಯ ಲೆನ್ಸೇ ಆದರೂ ಅದು ತರುವುದು 50ರ ಗೆರೆಯನ್ನು, ಹೀಗಾಗಿ ಗೆರೆಯ ಆಚೆಗಿರುವುದೂ ಚಿತ್ರದಲ್ಲಿ ಬರುತ್ತದೆ. ತಿರುಪಿನ ಅಡಾಪ್ಟರುಗಳನ್ನೂ ಇದೇ ಜೋಡಿಗಳಿಗೆ ತಕ್ಕಂತೆ ಬೇರೆ ಬೇರೆಯಾಗಿ ಮಾಡಿರುತ್ತಾರೆ. 50ರ ಲೆನ್ಸಿಗೆ 35ರ ಅಡಾಪ್ಟರ್ ತಂದರೆ ತಪ್ಪು ಗೆರೆ ಮೂಡುತ್ತದೆ.

ಮೊದಲ ಲೆನ್ಸಿಗೆ ನನ್ನ ಸಲಹೆ 35 ಮಿ.ಮೀ. ಎಫ್/2 ಅಥವಾ ಎಫ್/2.5. ಅದಕ್ಕೆ ಲೆಕ್ಕದ ಆಧಾರವಿದೆ. ಒಂದು ಮೀಟರ್ ದೂರದಲ್ಲಿ 35 ಮಿ.ಮೀ. ಲೆನ್ಸ್ ಎಫ್/2ರಲ್ಲಿ ಒಟ್ಟು ಸುಮಾರು 9 ಸೆಂ.ಮೀ. ಆಳವನ್ನು ಸ್ಪಷ್ಟವಾಗಿ ತೋರಿಸುತ್ತದೆ. 50 ಮಿ.ಮೀ. ಎಫ್/1.1 ತೋರಿಸುವುದು ಸುಮಾರು ಎರಡೂವರೆ ಸೆಂ.ಮೀ. ಮಾತ್ರ. ಹೊಂದಾಣಿಕೆಯಲ್ಲಿನ ಸಣ್ಣ ತಪ್ಪನ್ನು ಮೊದಲನೆಯದು ನುಂಗಿಕೊಳ್ಳುತ್ತದೆ, ಎರಡನೆಯದು ಬಯಲಿಗೆಳೆಯುತ್ತದೆ. ಕ್ಯಾಮೆರಾದ ಅಳತೆಯ ಸಾಮರ್ಥ್ಯವೂ ಒಂದೇ ಸಮನಾಗಿಲ್ಲ: ಲೈಕಾ ಎಂ ಕ್ಯಾಮೆರಾಗಳಲ್ಲಿ ರೇಂಜ್‌ಫೈಂಡರಿನ ಎರಡು ಕಿಟಕಿಗಳ ನಡುವೆ 69 ಮಿ.ಮೀ.ನಷ್ಟು ಅಂತರವಿದ್ದರೆ ಬೆಸ್ಸಾ ಆರ್ ಎಂಬ ಇನ್ನೊಂದು ರೇಂಜ್‌ಫೈಂಡರ್ ತಳಿಯಲ್ಲಿ 37 ಮಿ.ಮೀ. ಇದೆ. ಬೆಸ್ಸಾ ಇಟ್ಟುಕೊಂಡವರು ಬಹಳ ದೊಡ್ಡ ಅಪರ್ಚರಿನ ಲೆನ್ಸಿಗೆ ಹಣ ಹಾಕದಿರುವುದೇ ಒಳಿತು.

ಮೂರನೆಯ ಹಂತ: ಯಾರು ತಯಾರಿಸಿದ್ದು?

ಜಪಾನಿನ ಕೊಸಿನಾ ಕಂಪನಿ 1999ರಿಂದ ಫೊಯ್ಗ್ಟ್‌ಲ್ಯಾಂಡರ್ ಎಂಬ ಹಳೆಯ ಜರ್ಮನ್ ಹೆಸರಿನಲ್ಲಿ ರೇಂಜ್‌ಫೈಂಡರ್ ಲೆನ್ಸುಗಳನ್ನು ಮಾಡುತ್ತಿದೆ. ಕಾರ್ಖಾನೆಯಲ್ಲೇ ಚೆನ್ನಾಗಿ ಹೊಂದಿಸಿ ಕಳಿಸುವುದರಿಂದ, ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರು ಇಲ್ಲಿಗೇ ನಿಲ್ಲಬಹುದು. ಕಲರ್-ಸ್ಕೋಪಾರ್ 35 ಮಿ.ಮೀ. ಎಫ್/2.5 ಪುಟ್ಟದು, ಗಟ್ಟಿಯಾದದ್ದು, ವ್ಯೂಫೈಂಡರಿಗೆ ಅಡ್ಡ ಬರುವುದಿಲ್ಲ.

ಚೀನಾದ 7ಆರ್ಟಿಸನ್ಸ್ ಮತ್ತು ಟಿಟಿಆರ್ಟಿಸನ್ ಲೆನ್ಸುಗಳು ಇನ್ನೂ ಅಗ್ಗ. ಇವುಗಳ ಹಲವು ಎಂ ಮೌಂಟ್ ಲೆನ್ಸುಗಳಲ್ಲಿ ಕೊಂಡವರೇ ಕ್ಯಾಮನ್ನು ಸರಿಪಡಿಸಿಕೊಳ್ಳುವ ಏರ್ಪಾಡಿದೆ. ಅದನ್ನು ಕೊರತೆ ಎಂದು ಕೆಲವರು ಹೇಳುತ್ತಾರೆ; ನನ್ನ ಮಟ್ಟಿಗೆ ಅದೇ ಇವುಗಳ ದೊಡ್ಡ ಗುಣ, ಏಕೆಂದರೆ ಕಾರ್ಖಾನೆಯ ಕ್ಯಾಮೆರಾಗಲ್ಲ, ನನ್ನದೇ ಕ್ಯಾಮೆರಾಗೆ ಲೆನ್ಸನ್ನು ಹೊಂದಿಸಲು ಸಾಧ್ಯವಾಗುತ್ತದೆ. ಹೊರದೇಶದಿಂದ ನೇರವಾಗಿ ತರಿಸುವವರು ಕಸ್ಟಮ್ಸ್ ಸುಂಕವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಸೋವಿಯತ್ ಲೆನ್ಸುಗಳು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ತೊಡಕಿನವೂ ಹೌದು. ಜುಪಿಟರ್-8 ಎಂಬ 50 ಮಿ.ಮೀ. ಎಫ್/2 ಲೆನ್ಸ್ ಯುದ್ಧಪೂರ್ವದ ಜೈಸ್ ಸೊನ್ನಾರಿನ ವಿನ್ಯಾಸದಿಂದ ಬಂದದ್ದು. ಅದು ಕೊಡುವ ಮುಖಚಿತ್ರಗಳ ಮೃದುತನ ನನಗೆ ಬಹಳ ಪ್ರಿಯ. ಆದರೆ ಲೈಕಾದ ರೇಂಜ್‌ಫೈಂಡರ್ 51.6 ಮಿ.ಮೀ. ಲೆನ್ಸನ್ನು ಮೂಲ ಅಳತೆಯಾಗಿ ಇಟ್ಟುಕೊಂಡಿದ್ದರೆ ಸೋವಿಯತ್ತಿನ ಲೆನ್ಸುಗಳು 52.4 ಮಿ.ಮೀ. ಅಳತೆಯನ್ನು ಅನುಸರಿಸಿದವು. ದೂರದ ಬೆಟ್ಟಕ್ಕೆ ಸರಿಯಾಗಿ ಹೊಂದಿಸಿದ ಜುಪಿಟರ್-8 ಲೈಕಾದ ಮೇಲೆ ಒಂದು ಮೀಟರಿನಲ್ಲಿ ಸುಮಾರು ಮೂರು ಸೆಂ.ಮೀ. ಹಿಂದಕ್ಕೆ ಫೋಕಸ್ ಆಗುತ್ತದೆ ಎಂದು ಲೆಕ್ಕ ತೋರಿಸುತ್ತದೆ, ಎಫ್/2ರಲ್ಲಿ ಇದು ಕಣ್ಣಿಗೆ ಕಾಣುವಷ್ಟು ದೊಡ್ಡ ತಪ್ಪು. ಎಫ್/5.6ಕ್ಕೆ ಇಳಿಸಿದರೆ ತೊಂದರೆ ಮುಚ್ಚಿಹೋಗುತ್ತದೆ. ಜುಪಿಟರ್-12 ಎಂಬ 35 ಮಿ.ಮೀ. ಲೆನ್ಸಿನ ಹಿಂಗಾಜು ಕ್ಯಾಮೆರಾದೊಳಕ್ಕೆ ಬಹಳ ಚಾಚಿಕೊಂಡಿರುತ್ತದೆ. ಒಳಗೆ ಬೆಳಕು ಅಳೆಯುವ ಮೀಟರಿನ ತೋಳು ಇರುವ ಲೈಕಾ ಸಿಎಲ್ ಅಥವಾ ಎಂ5ಕ್ಕೆ ಅದನ್ನು ಹಾಕಲು ಹೋಗಬೇಡಿ.

ನಾಲ್ಕನೆಯ ಹಂತ: ಹಳೆಯ ಲೆನ್ಸಿನ ಗಾಜು ನೋಡುವುದು

ಕಿಟಕಿಯ ಬೆಳಕಿನಲ್ಲಿ ಎಲ್ಲ ಲೆನ್ಸೂ ಶುಭ್ರವಾಗಿ ಕಾಣುತ್ತದೆ. ಅಪರ್ಚರನ್ನು ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ ನೋಡಿ. ಧೂಳಿನ ಕಣಗಳಿಂದ ತೊಂದರೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಬೂಷ್ಟು. ಇಡೀ ಗಾಜಿನ ಮೇಲೆ ಮಂಜು ಕವಿದಂತೆ ಕಂಡರೆ ಚಿತ್ರದ ಕಪ್ಪು ಭಾಗಗಳೆಲ್ಲ ಬೂದುಬಣ್ಣಕ್ಕೆ ತಿರುಗುತ್ತವೆ. ಹಳೆಯ ಕ್ಯಾನನ್ 50 ಮಿ.ಮೀ. ಎಫ್/1.8 ತಿರುಪಿನ ಲೆನ್ಸುಗಳಲ್ಲಿ ಅಪರ್ಚರಿನ ಬಳಿಯ ಗಾಜಿಗೆ ಈ ಮಂಜು ಕಟ್ಟುವುದು ಎಷ್ಟು ಸಾಮಾನ್ಯವೆಂದರೆ, ಟಾರ್ಚ್ ಹಾಯಿಸಿ ತೆಗೆದ ಚಿತ್ರವಿಲ್ಲದೆ ಅದನ್ನು ಕೊಳ್ಳಲೇಬಾರದು.

ಐದನೆಯ ಹಂತ: ಹೊಂದಾಣಿಕೆಯ ಪರೀಕ್ಷೆ

ಇದಕ್ಕೆ ಒಂದು ಸಂಜೆಯನ್ನು ಪೂರ್ತಿ ಮೀಸಲಿಡಿ. ಮೊದಲು ಕ್ಯಾಮೆರಾ ಸರಿಯಾಗಿದೆಯೇ ಎಂದು ತಿಳಿಯಬೇಕು. ಸರಿಯೆಂದು ಗೊತ್ತಿರುವ ಲೆನ್ಸೊಂದನ್ನು ಗೆಳೆಯರಿಂದಾದರೂ ಎರವಲು ತಂದು ಹಾಕಿ, ಫೋಕಸನ್ನು ಅನಂತದ ಗುರುತಿಗೆ ಇಟ್ಟು, ಒಂದು ಕಿಲೋಮೀಟರಿಗಿಂತ ದೂರದಲ್ಲಿರುವ ಮೊಬೈಲ್ ಟವರನ್ನೋ ನೀರಿನ ಟ್ಯಾಂಕನ್ನೋ ನೋಡಿ. ಎರಡು ಬಿಂಬಗಳು ಪಕ್ಕಕ್ಕೆ ಸರಿದಿದ್ದರೂ ಮೇಲೆ ಕೆಳಗೆ ಆಗಿದ್ದರೂ ದೋಷ ಕ್ಯಾಮೆರಾದ್ದು. ಮೊದಲು ಅದನ್ನು ರಿಪೇರಿ ಬಲ್ಲವರಲ್ಲಿ ಸರಿಮಾಡಿಸಬೇಕು. ತಪ್ಪಿರುವ ಕ್ಯಾಮೆರಾಗೆ ಲೆನ್ಸನ್ನು ಹೊಂದಿಸಿದರೆ ಎರಡೂ ಕೆಡುತ್ತವೆ.

ನಂತರ ಹೊಸ ಲೆನ್ಸನ್ನು ಹಾಕಿ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ. ಒಂದು ಮೀಟರ್ ದೂರದಲ್ಲಿ, ಲೆನ್ಸಿನ ಮಟ್ಟಕ್ಕೆ ಸಮನಾಗಿ, ಕಪ್ಪು ಗೆರೆ ಎಳೆದ ರಟ್ಟನ್ನು ನೆಟ್ಟಗೆ ನಿಲ್ಲಿಸಿ, ಅದರ ಪಕ್ಕಕ್ಕೆ ಶಾಲೆಯ ಅಡಿಪಟ್ಟಿಯೊಂದನ್ನು 45 ಡಿಗ್ರಿ ಓರೆಯಾಗಿ, ಅದರ 15 ಸೆಂ.ಮೀ. ಗುರುತು ರಟ್ಟಿನ ಸಾಲಿಗೇ ಬರುವಂತೆ ಇಡಿ. ಅಪರ್ಚರನ್ನು ಪೂರ್ತಿ ತೆರೆಯಿರಿ. ರೇಂಜ್‌ಫೈಂಡರಿನಲ್ಲಿ ರಟ್ಟಿನ ಗೆರೆಯ ಬಿಂಬಗಳನ್ನು ಕೂಡಿಸಿ ಒಂದು ಚಿತ್ರ ತೆಗೆಯಿರಿ. ಮತ್ತೆ ಉಂಗುರವನ್ನು ಅನಂತಕ್ಕೆ ತಿರುಗಿಸಿ, ಅಲ್ಲಿಂದ ಹೊಸದಾಗಿ ಬಂದು ಇನ್ನೊಂದು ತೆಗೆಯಿರಿ. ಪ್ರತಿ ಸಲವೂ ಒಂದೇ ದಿಕ್ಕಿನಿಂದ ಬಂದು ಕೂಡಿಸುವುದು ಮುಖ್ಯ. ಹೀಗೆ ಐದು ಚಿತ್ರ ತೆಗೆದು ಹಿಗ್ಗಿಸಿ ನೋಡಿದಾಗ ಅಡಿಪಟ್ಟಿಯ ಯಾವ ಅಂಕಿ ಎಲ್ಲಕ್ಕಿಂತ ಸ್ಪಷ್ಟವಾಗಿದೆ ಎಂದು ಬರೆದುಕೊಳ್ಳಿ. ಐದರಲ್ಲಿಯೂ ಅಂಕಿ ಬೇರೆ ಬೇರೆಯಾಗಿದ್ದರೆ ಸಂದೇಹ ಪಡಬೇಕಾದದ್ದು ನಿಮ್ಮ ಕೂಡಿಸುವಿಕೆಯ ಮೇಲೆ ಅಥವಾ ಸಡಿಲವಾದ ಉಂಗುರದ ಮೇಲೆ. ಒಂದೇ ಬದಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಮಾತ್ರ ಅದು ಹೊಂದಾಣಿಕೆಯ ತಪ್ಪು. ಇದನ್ನೇ ಮೂರು ಮೀಟರಿನಲ್ಲೂ, ದೂರದ ಟವರಿನ ಮೇಲೂ ಮಾಡಿ.

ಫಿಲ್ಮ್ ಕ್ಯಾಮೆರಾ ಉಳ್ಳವರು ರೋಲ್ ವ್ಯಯ ಮಾಡಬೇಕಿಲ್ಲ. ಹಿಂಬಾಗಿಲು ತೆರೆಯುವ ಕ್ಯಾಮೆರಾದಲ್ಲಿ ಫಿಲ್ಮ್ ಹಾಯುವ ಒಳಗಿನ ಕಂಬಿಗಳ ಮೇಲೆ ಒರಟು ಬಿಳಿ ಸೆಲೋಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿ, ಶಟರನ್ನು ಬಿ ಗುರುತಿಗೆ ಇಟ್ಟು ಕೇಬಲ್ ರಿಲೀಸಿನಿಂದ ತೆರೆದು ಹಿಡಿದು, ಟೇಪಿನ ಮೇಲೆ ಮೂಡುವ ಬಿಂಬವನ್ನು ಭೂತಗನ್ನಡಿಯಿಂದ ನೋಡಬಹುದು. ಟೇಪ್ ಜೋಲು ಬಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಶಟರಿನ ಪರದೆಗೆ ಬೆರಳು ತಾಗದಂತೆ ಎಚ್ಚರವಿರಲಿ.

ಆರನೆಯ ಹಂತ: ತಿದ್ದುವುದು

ಗುರಿಗಿಂತ ಮುಂದಿನ, ಅಂದರೆ ಕ್ಯಾಮೆರಾಗೆ ಹತ್ತಿರದ ಅಂಕಿ ಸ್ಪಷ್ಟವಾಗಿದ್ದರೆ ಕ್ಯಾಮ್ ರೋಲರನ್ನು ಬೇಕಾದುದಕ್ಕಿಂತ ಹೆಚ್ಚು ಒತ್ತುತ್ತಿದೆ ಎಂದರ್ಥ. ಅದನ್ನು ಲೆನ್ಸಿನ ಕಡೆಗೆ ಚೂರು ಹಿಂತೆಗೆಯಬೇಕು. ಹಿಂದಿನ ಅಂಕಿ ಸ್ಪಷ್ಟವಾಗಿದ್ದರೆ ಕ್ಯಾಮ್ ಇನ್ನಷ್ಟು ಹೊರಚಾಚಬೇಕು. ಸರಿಪಡಿಸುವ ಏರ್ಪಾಡಿರುವ ಲೆನ್ಸುಗಳಲ್ಲಿ ತಯಾರಕರ ಸೂಚನೆಯಂತೆ ಕ್ಯಾಮಿನ ಸಣ್ಣ ಸ್ಕ್ರೂಗಳನ್ನು ಅರ್ಧ ಸುತ್ತಿನಷ್ಟು ಸಡಿಲಿಸಿ, ಕ್ಯಾಮನ್ನು ತುಸುವೇ ಸರಿಸಿ, ಬಿಗಿದು, ಮತ್ತೆ ಐದು ಚಿತ್ರ ತೆಗೆಯಬೇಕು. ತಿದ್ದುವ ಮುನ್ನ ಕ್ಯಾಮಿನ ಮೂಲ ಸ್ಥಾನದ ಚಿತ್ರವೊಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಹಿಂದಿರುಗುವ ದಾರಿ ಇರುತ್ತದೆ. ಸ್ಕ್ರೂವಿನ ತಲೆಗೆ ಸರಿಹೊಂದದ ಸ್ಕ್ರೂಡ್ರೈವರ್ ಬಳಸಿದರೆ ತಲೆ ಸವೆದುಹೋಗುತ್ತದೆ.

ಸೊನ್ನಾರ್ ವಿನ್ಯಾಸದ ಲೆನ್ಸುಗಳಲ್ಲಿ ಅಪರ್ಚರನ್ನು ಕಿರಿದಾಗಿಸಿದಂತೆ ಫೋಕಸ್ ತಾನೇ ಹಿಂದಕ್ಕೆ ಸರಿಯುವ ಗುಣವಿದೆ. ಎಫ್/1.1ಕ್ಕೆ ಸರಿಮಾಡಿದರೆ ಎಫ್/2.8ರಲ್ಲಿ ತಪ್ಪುತ್ತದೆ, ಎಫ್/2.8ಕ್ಕೆ ಮಾಡಿದರೆ ಎಫ್/1.1ರಲ್ಲಿ ತಪ್ಪುತ್ತದೆ. ಎರಡಕ್ಕೂ ಹೊಂದುವ ಒಂದೇ ಸ್ಥಾನವಿಲ್ಲ. ನೀವು ಹೆಚ್ಚಾಗಿ ಬಳಸುವ ಅಪರ್ಚರ್ ಯಾವುದೋ ಅದಕ್ಕೇ ಹೊಂದಿಸಿ. ತಿದ್ದುವ ಏರ್ಪಾಡಿಲ್ಲದ ಲೆನ್ಸಿನಲ್ಲಿ, ಜುಪಿಟರಿನಂಥವುಗಳಲ್ಲಿ, ಗಾಜಿನ ಭಾಗಕ್ಕೂ ಫೋಕಸ್ ಕೊಳವೆಗೂ ನಡುವೆ ತೆಳು ಲೋಹದ ಬಿಲ್ಲೆಗಳನ್ನು ಸೇರಿಸಿಯೋ ತೆಗೆದೋ ಸರಿಪಡಿಸುತ್ತಾರೆ. ಈ ಕೆಲಸವನ್ನು ಅನುಭವಿಗಳಿಗೆ ಬಿಡುವುದು ಲೇಸು.

ಏಳನೆಯ ಹಂತ: ಬಳಕೆ ಮತ್ತು ಜೋಪಾನ

ಡಿಜಿಟಲ್ ಎಂ9 ಮತ್ತು ನಂತರದ ಕ್ಯಾಮೆರಾಗಳು ಸ್ವಂತ ಕಂಪನಿಯ ಲೆನ್ಸುಗಳನ್ನು ಅವುಗಳ ಮೇಲಿನ ಆರು ಚುಕ್ಕಿಗಳ ಗುರುತಿನಿಂದ ತಿಳಿಯುತ್ತವೆ. ಆ ಗುರುತಿಲ್ಲದ ಲೆನ್ಸನ್ನು ಹಾಕಿದಾಗ ಮೆನುವಿನಲ್ಲಿ ಅದಕ್ಕೆ ಸಮೀಪದ ಲೆನ್ಸಿನ ಹೆಸರನ್ನು ಕೈಯಾರೆ ಆರಿಸಿಕೊಂಡರೆ ವೈಡ್ ಲೆನ್ಸುಗಳಲ್ಲಿ ಅಂಚಿಗೆ ಬರುವ ಬಣ್ಣದ ಛಾಯೆ ಕಡಿಮೆಯಾಗುತ್ತದೆ.

ಜಾತ್ರೆ, ಸಂತೆಗಳಲ್ಲಿ ಪ್ರತಿ ಸಲವೂ ಬಿಂಬ ಕೂಡಿಸಲು ಸಮಯವಿರುವುದಿಲ್ಲ. 35 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ ಇಟ್ಟು ಫೋಕಸನ್ನು ಮೂರು ಮೀಟರಿಗೆ ನಿಲ್ಲಿಸಿದರೆ ಹೆಚ್ಚುಕಡಿಮೆ 1.9 ಮೀಟರಿನಿಂದ 7.3 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಬಿಸಿಲಿನಲ್ಲಿ ರೇಂಜ್‌ಫೈಂಡರನ್ನು ಮುಟ್ಟದೆಯೇ ಇಡೀ ದಿನ ಕಳೆಯಬಹುದು, ಆ ದಿನದ ಮಟ್ಟಿಗೆ ಅಗ್ಗದ ಲೆನ್ಸಿಗೂ ದುಬಾರಿ ಲೆನ್ಸಿಗೂ ಫೋಕಸಿನ ವಿಷಯದಲ್ಲಿ ಭೇದವಿಲ್ಲ.

ಕರಾವಳಿ, ಮಲೆನಾಡಿನವರು ಜೂನ್ ಬರುವ ಮುನ್ನವೇ ಲೆನ್ಸನ್ನು ಚರ್ಮದ ಚೀಲದಿಂದ ಹೊರತೆಗೆಯಬೇಕು, ಏಕೆಂದರೆ ಚರ್ಮ ತೇವ ಹಿಡಿದು ಬೂಷ್ಟಿಗೆ ಆಸರೆಯಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಹರಳು ಬಣ್ಣಗೆಟ್ಟಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಅದೇ ಡಬ್ಬದೊಳಗೆ ಪರೀಕ್ಷೆಯ ದಿನಾಂಕ, ದೂರ, ಅಪರ್ಚರ್ ಮತ್ತು ಸ್ಪಷ್ಟವಾಗಿ ಬಂದ ಅಂಕಿಗಳನ್ನು ಬರೆದ ಚೀಟಿಯೊಂದಿರಲಿ. ಕ್ಯಾಮೆರಾ ಕೈಜಾರಿ ಬಿದ್ದಾಗ ಅಥವಾ ರಿಪೇರಿಯಿಂದ ಮರಳಿದಾಗ ಮತ್ತೊಮ್ಮೆ ಅಡಿಪಟ್ಟಿ ಇಟ್ಟು, ಹೊಸ ಅಂಕಿಗಳನ್ನು ಆ ಚೀಟಿಯ ಅಂಕಿಗಳೊಂದಿಗೆ ತಾಳೆ ನೋಡಿ.