ಗದ್ದೆ ಮೇಲಿನ ತಂತಿ

ಪುತ್ತರಿ ಕಳೆದು ಒಂದು ವಾರ ಆಗಿತ್ತು. ಪೊನ್ನಂಪೇಟೆ ಕಡೆಯಿಂದ ಮೈಕ್ರೋಲೈಟ್ ಅನ್ನುವ ಪುಟ್ಟ ಹಗುರ ವಿಮಾನ ಹಾರಿಸಿಕೊಂಡು ಬಾಳೆಲೆ ಕಡೆ ಹೊರಟಿದ್ದೆ. "ಅಣ್ಣಾ, ನಮ್ಮ ಮನೆ ಹತ್ರ ಸ್ವಲ್ಪ ಕೆಳಗೆ ಬನ್ನಿ, ಅಮ್ಮ ನೋಡ್ಬೇಕಂತೆ" ಎಂದು ಚಿಕ್ಕಪ್ಪನ ಮಗ ಹಿಂದಿನ ರಾತ್ರಿ ಫೋನ್ ಮಾಡಿದ್ದ.

ಕೊಯ್ಲಾದ ಗದ್ದೆ, ಅಡ್ಡ ಏನಿರುತ್ತೆ ಅಂದುಕೊಂಡೆ. ಸಿಲ್ವರ್ ಮರಗಳ ತುದಿಗಿಂತ ಕೆಳಗೆ ಇಳಿದುಬಿಟ್ಟೆ. ಎಡಗಡೆ ತೋಟದ ಅಂಚಿನಲ್ಲಿ ಒಂದು ಕರೆಂಟ್ ಕಂಬ ಕಂಡಿತು. ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರಿದೆ. ತಂತಿ ನನಗೆ ಕಂಡಿದ್ದು ಅದು ಚಕ್ರದ ಕೆಳಗೆ ಹಾದುಹೋದಾಗ ಮಾತ್ರ.

ನಮ್ಮಲ್ಲಿ ಗದ್ದೆ ತಗ್ಗಿನಲ್ಲಿ, ಎರಡೂ ಕಡೆ ತೋಟ ಏರಿನಲ್ಲಿ. ಕಂಬಗಳು ತೋಟದ ಮರಗಳಲ್ಲಿ ಅಡಗಿರುತ್ತವೆ. ತಂತಿ ಮಾತ್ರ ಗದ್ದೆ ಮೇಲೆ ಎತ್ತರದಲ್ಲಿ ಹಾದುಹೋಗುತ್ತದೆ. ಹಳೇ ಅಲ್ಯೂಮಿನಿಯಂ ತಂತಿ ಮಬ್ಬು ಬಣ್ಣದ್ದು, ಹಿಂದಿನ ಕಾಡಿನಲ್ಲಿ ಕರಗಿಬಿಡುತ್ತದೆ. ಅದಕ್ಕೇ ಈಗ ನಾನು ತಂತಿ ಹುಡುಕುವುದಿಲ್ಲ, ಕಂಬ ಹುಡುಕುತ್ತೇನೆ. ತೋಟದೊಳಗೆ ನೇರ ಗೆರೆಯಾಗಿ ಮರ ಕಡಿದಿದ್ದರೆ ಅಲ್ಲೊಂದು ಲೈನ್ ಇದೆ ಅಂತಲೇ ಲೆಕ್ಕ. ಇಳಿಯುವಾಗ ಲೈನ್ ದಾಟಲೇಬೇಕಾದರೆ ಕಂಬದ ಮೇಲೇ ದಾಟುತ್ತೇನೆ. ಅದರ ಎತ್ತರ ಕಣ್ಣಿಗೆ ಸಿಗುತ್ತದೆ, ಅಲ್ವಾ?

ತಂತಿ ಇಲ್ಲದಿದ್ದರೂ ಕೆಳಗೆ ಹಾರಿದರೆ ಸಮಯವೇ ಸಿಗುವುದಿಲ್ಲ. ಎಂಜಿನ್ ನಿಂತರೆ ನನ್ನ ವಿಮಾನ 1 ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚೆಂದರೆ 7 ಮೀಟರ್ ಮುಂದೆ ಹೋಗುತ್ತದೆ. 150 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಕಿಲೋಮೀಟರ್ ಒಳಗೆ ಗದ್ದೆ ಆರಿಸಿಕೊಳ್ಳಬಹುದು. 30 ಮೀಟರ್‌ನಲ್ಲಿ ಬರೀ 200 ಮೀಟರ್. ಅಷ್ಟರಲ್ಲಿ ಕಾಫಿ ತೋಟವೇ ಎದುರಿಗಿರುತ್ತದೆ. ನೆಲದಿಂದ 150 ಮೀಟರ್ ಅಂತ ನಿಯಮ ಇರುವುದು ಸುಮ್ನೆ ಅಲ್ಲ.

ಮನೆ ಸುತ್ತ ಬಿಗಿಯಾಗಿ ತಿರುಗಿಸುವುದಂತೂ ಇನ್ನೂ ಅಪಾಯ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿದರೆ, ಗಂಟೆಗೆ 60 ಕಿಲೋಮೀಟರ್‌ನಲ್ಲಿ ಸ್ಟಾಲ್ ಆಗುವ, ಅಂದರೆ ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಕುಸಿಯುವ, ವಿಮಾನ 85ರಲ್ಲೇ ಸ್ಟಾಲ್ ಆಗುತ್ತದೆ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ನೆಲ ಬೇಗ ಓಡಿದಂತೆ ಕಾಣುತ್ತದೆ. ವೇಗ ಜಾಸ್ತಿಯಾಯಿತು ಅಂತ ಕೈ ತಾನಾಗಿ ಕಡಿಮೆ ಮಾಡಲು ಹೋಗುತ್ತದೆ. ಆಗ ಮನೆ ನೋಡಬಾರದು, ವೇಗದ ಮುಳ್ಳು ನೋಡಬೇಕು.

ಆ ಘಟನೆ ಆದಮೇಲೆ ಜೀಪಿನಲ್ಲಿ ಸುತ್ತಿ, ನಾನು ಹಾರುವ ದಾರಿಯಲ್ಲಿ ಗದ್ದೆ ದಾಟುವ ಪ್ರತಿ ಲೈನನ್ನೂ ಮ್ಯಾಪಿನಲ್ಲಿ ಗುರುತು ಮಾಡಿದೆ. ಮೂರು ಭಾನುವಾರ ಹಿಡಿಯಿತು. ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗುತ್ತೇನೆ. ಈ ಸಲ ಒಂದು ಹೋಂಸ್ಟೇಗೆ ಎಳೆದ ಹೊಸ ಲೈನ್ ಸಿಕ್ಕಿತು. ಅದೂ ಗದ್ದೆಯ ನಟ್ಟನಡುವೆಯೇ ಹಾದುಹೋಗಿದೆ.