ಪೋಕರ್: ಚಿಪ್ಸ್ ಮುಂದಿಡುವ ಮೊದಲು

ಟೆಕ್ಸಾಸ್ ಹೋಲ್ಡೆಮ್ (ಕೈಯಲ್ಲಿನ ಎರಡು ಎಲೆ ಮತ್ತು ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆಯುವ ಐದು ಎಲೆಗಳಿಂದ ಐದೆಲೆಯ ಒಳ್ಳೆಯ ಕೈ ಕಟ್ಟುವ ಪೋಕರ್ ಇಸ್ಪೀಟಾಟ) ಆಡುವವರು ಕೆಟ್ಟ ಎಲೆ ಬಂದು ಸೋಲುವುದಕ್ಕಿಂತ, ಬಂದ ಎಲೆಯನ್ನು ಸರಿಯಾಗಿ ನೋಡದೆ ಸೋಲುವುದೇ ಹೆಚ್ಚು ಎಂಬುದು ನನ್ನ ಅನುಭವ. ಇಲ್ಲಿ ಹೇಳುತ್ತಿರುವುದು ಗೆಳೆಯರು ಹಣವಿಲ್ಲದೆ, ಬರೀ ಚಿಪ್ಸ್ (ಪಣದ ಬಿಲ್ಲೆಗಳು) ಇಟ್ಟುಕೊಂಡು ಆಡುವ ಆಟದ ವಿಷಯ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಎಷ್ಟು ಚಿಪ್ಸ್, ಎಷ್ಟು ಹೊತ್ತಿನವರೆಗೆ ಆಟ ಎಂಬುದನ್ನು ಕೂರುವ ಮೊದಲೇ ಗೊತ್ತುಮಾಡಿಕೊಳ್ಳಿ. ಕೈಗೆ ಬರುವ ಮೊದಲ ಎರಡು ಎಲೆಗಳು 169 ಬಗೆಯವಾಗಿರಬಹುದು. ಅವುಗಳಲ್ಲಿ ಹೆಚ್ಚಿನವನ್ನು ಫೋಲ್ಡ್ ಮಾಡುವುದೇ, ಅಂದರೆ ಎಲೆ ಕೆಳಗಿಟ್ಟು ಆ ಸುತ್ತು ಬಿಡುವುದೇ ಸರಿ. ಎಕ್ಕದ ಜೋಡಿ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ. ಸುಮ್ಮನೆ ಕುಳಿತು ಬೇಸರವಾಯಿತೆಂದು ಆಡಿದ ಕೈಗಳೇ ಚಿಪ್ಸ್‌ನ ರಾಶಿಯನ್ನು ಕರಗಿಸುತ್ತವೆ.

ಎಲೆ ಎತ್ತಿದಾಗ ಅಂಕಿಯ ಜೊತೆಗೆ ಬಣ್ಣವನ್ನೂ (ಆಟೀನ್, ಇಸ್ಪೀಟ್ ಮುಂತಾದ ಜಾತಿ) ನೆನಪಿಟ್ಟುಕೊಳ್ಳಿ. ಮೇಜಿನ ಮೇಲೆ ಮೂರು ಆಟೀನ್ ಬಿದ್ದೊಡನೆ ನೀವು ಮತ್ತೆ ನಿಮ್ಮ ಎಲೆ ಇಣುಕಿ ನೋಡಿದರೆ, ಕೈಯಲ್ಲಿ ಎರಡು ಆಟೀನ್ ಇಲ್ಲವೆಂಬುದು ಎದುರಿನವರಿಗೆ ಬಹುಮಟ್ಟಿಗೆ ತಿಳಿದುಹೋಗುತ್ತದೆ. ಪ್ರತಿ ಹೊಸ ಎಲೆ ತೆರೆದಾಗಲೂ, ನನ್ನನ್ನು ಸೋಲಿಸುವ ಕೈ ಯಾವುದು ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ. ಮೇಜಿನ ಮೇಲೆ 7, 8, 9, 10 ಇದ್ದು ನಿಮ್ಮಲ್ಲಿ 6 ಇದ್ದರೆ ಸ್ಟ್ರೇಟ್ (ಅನುಕ್ರಮದ ಐದು ಎಲೆ) ಆಯಿತೆಂದು ಹಿಗ್ಗುವುದು ಸಹಜ. ಆದರೆ ಗುಲಾಮ ಹಿಡಿದವನ ಸ್ಟ್ರೇಟ್ ನಿಮ್ಮದಕ್ಕಿಂತ ದೊಡ್ಡದು. ಹಾಗೆಯೇ ಮೇಜಿನ ಮೇಲೆ ಜೋಡಿ ಬಿದ್ದಿದ್ದರೆ ನಿಮ್ಮ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಅನ್ನು ಫುಲ್ ಹೌಸ್ (ಒಂದೇ ಅಂಕಿಯ ಮೂರು ಎಲೆ ಮತ್ತು ಒಂದು ಜೋಡಿ) ಸೋಲಿಸಬಹುದು.

ಆಮೇಲೆ ಲೆಕ್ಕ. ಮೇಜಿನ ಮೇಲೆ ಮೂರು ಎಲೆ ತೆರೆದಿವೆ, ಫ್ಲಶ್‌ಗೆ ನಿಮಗಿನ್ನೊಂದು ಎಲೆ ಬೇಕು ಎಂದಿಟ್ಟುಕೊಳ್ಳಿ. ಕಾಣದ 47 ಎಲೆಗಳಲ್ಲಿ ನಿಮ್ಮ ಬಣ್ಣದವು 9, ಅಂದರೆ ಮುಂದಿನ ಎಲೆಗೆ ಸುಮಾರು ಶೇ 19ರಷ್ಟು ಅವಕಾಶ. ಪಾಟ್‌ನಲ್ಲಿ (ಎಲ್ಲರೂ ಪಣವಿಟ್ಟ ಚಿಪ್ಸ್‌ನ ರಾಶಿ) 300 ಇದ್ದು ಎದುರಾಳಿ 200 ಹಾಕಿದರೆ, ನೀವು 200 ಕೊಟ್ಟು 700ರ ಪಾಟ್‌ಗೆ ಹೋರಾಡುತ್ತೀರಿ. 700ರಲ್ಲಿ 200 ಎಂದರೆ ಸುಮಾರು ಶೇ 28.6; ಗೆಲ್ಲುವ ಅವಕಾಶ ಅದಕ್ಕಿಂತ ಹೆಚ್ಚಿರಬೇಕು, ನಿಮಗಿರುವುದು ಶೇ 19 ಮಾತ್ರ. ಬಣ್ಣ ಕೂಡಿದರೆ ಮುಂದೆ ಇನ್ನೂ ದೊಡ್ಡ ಮೊತ್ತ ಸಿಗುವಂತಿಲ್ಲದಿದ್ದರೆ, ಎಷ್ಟೇ ಆಸೆಯಾದರೂ ಫೋಲ್ಡ್ ಮಾಡಿ.

ಸರದಿ ಬರುವ ಮೊದಲು ಮಾತಾಡಬೇಡಿ. ರೈಸ್ ಮಾಡುವುದಿದ್ದರೆ, ಅಂದರೆ ಪಣ ಏರಿಸುವುದಿದ್ದರೆ, ಮೊತ್ತವನ್ನು ಬಾಯಲ್ಲಿ ಹೇಳಿ, ನಂತರ ಚಿಪ್ಸ್ ಮುಂದಿಡಿ.

ಕೊನೆಯ ಎಲೆಯಲ್ಲಿ ದೊಡ್ಡ ಪಾಟ್ ಕೈತಪ್ಪಿದಾಗ ಮುಖ ಬಿಸಿಯಾಗಿ, ಕಳೆದದ್ದನ್ನು ಮುಂದಿನ ಕೈಯಲ್ಲೇ ವಾಪಸು ಪಡೆಯಬೇಕೆಂಬ ಹಟ ಹುಟ್ಟುತ್ತದೆ; ಆಟಗಾರರು ಇದನ್ನು ಟಿಲ್ಟ್ ಎನ್ನುತ್ತಾರೆ. ಆಗ ಎದ್ದು ಹೋಗಿ ನೀರು ಕುಡಿಯಿರಿ, ಒಂದೆರಡು ಕೈ ಬಿಟ್ಟುಬಿಡಿ. ಹಟ ಇಳಿಯದಿದ್ದರೆ, ಗೊತ್ತುಮಾಡಿದ ಹೊತ್ತು ಇನ್ನೂ ಉಳಿದಿದ್ದರೂ ಆ ದಿನದ ಆಟ ನಿಲ್ಲಿಸಿ.